ಕಾಗದದ ಮೇಲೆ 312, ದೇವಿಮನೆ ಘಟ್ಟದಲ್ಲಿ ಬೇರೆಯೇ ಲೆಕ್ಕ: ನೆಕ್ಸಾನ್ ಇವಿ ಜೊತೆ ನಾಲ್ಕು ವರ್ಷ

ಶಿರಸಿಯಿಂದ ದೇವಿಮನೆ ಘಟ್ಟದ ದಾರಿಯಲ್ಲಿ ಕರಾವಳಿಯ ಕುಮಟಾಕ್ಕೆ ಇಳಿಯುವಾಗ 20 ಪರ್ಸೆಂಟ್ ಚಾರ್ಜ್ ಖರ್ಚಾಗುತ್ತದೆ. ವಾಪಸ್ ಬರುವಾಗ 37. ಅದೇ ಕಾರು, ಅದೇ ಅರವತ್ತು ಕಿಲೋಮೀಟರ್ ರಸ್ತೆ. ಇವಿ, ಅಂದರೆ ಎಲೆಕ್ಟ್ರಿಕ್ ಕಾರು, ತಗೊಳ್ಳಲಾ ಅಂತ ಕೇಳುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ.

ನನ್ನದು 30.2 ಯೂನಿಟ್ (ಕಿಲೋವ್ಯಾಟ್ ಅವರ್) ಬ್ಯಾಟರಿಯ ಹಳೇ ನೆಕ್ಸಾನ್ ಇವಿ. 52,000 ಕಿಮೀ ಓಡಿದೆ. ಎಆರ್‌ಎಐ (ನಮ್ಮ ದೇಶದ ವಾಹನ ಪರೀಕ್ಷಾ ಸಂಸ್ಥೆ) ಕೊಟ್ಟ ರೇಂಜ್, ಅಂದರೆ ಒಂದು ಫುಲ್ ಚಾರ್ಜಿಗೆ ಓಡುವ ದೂರ, 312 ಕಿಮೀ. ನನಗೆ ಸಿಗುವುದು 200ರಿಂದ 220. ಮೊದಮೊದಲು ತುಂಬಾ ಬೇಜಾರಾಗಿತ್ತು. ಆಮೇಲೆ ಆ 312 ಎಲ್ಲಿಂದ ಬಂತು ಅಂತ ಓದಿದೆ. ಪರೀಕ್ಷೆ ನಡೆಯುವುದು ಲ್ಯಾಬಿನಲ್ಲಿ, ರೋಲರ್ ಮೇಲೆ. ಎಸಿ ಬಂದ್. ವೇಗ 90 ದಾಟುವುದಿಲ್ಲ. ಏರು ಇಲ್ಲ, ಇಳಿಜಾರು ಇಲ್ಲ. ಕಾರಿನದ್ದೇನೂ ತಪ್ಪಿಲ್ಲ, ಅಳೆಯುವ ರೀತಿಯೇ ಹಾಗಿದೆ.

ಆದ್ದರಿಂದ ಎರಡು ಕಾರು ಹೋಲಿಸುವಾಗ, ಅಂಕಿ ಯಾವ ಪರೀಕ್ಷೆಯದ್ದು ಅಂತ ನೋಡಿ. 44.5 ಯೂನಿಟ್‌ನ ಎಂಜಿ ಝಡ್‌ಎಸ್ ಇವಿಗೆ ನಮ್ಮಲ್ಲಿ 340 ಕಿಮೀ, ಯುರೋಪಿನ ಪರೀಕ್ಷೆಯಾದ ಡಬ್ಲ್ಯುಎಲ್‌ಟಿಪಿಯಲ್ಲಿ 263. 39.2 ಯೂನಿಟ್‌ನ ಹ್ಯುಂಡೈ ಕೋನಾಗೆ ಇಲ್ಲಿ 452, ಅಲ್ಲಿ 305. ಅವರ ಪರೀಕ್ಷೆಯಲ್ಲಿ ವೇಗ 131ರ ತನಕ ಹೋಗುತ್ತದೆ. ಅಮೆರಿಕದ ಇಪಿಎ ಪರೀಕ್ಷೆ ಇನ್ನೂ ಬಿಗಿ. ಲ್ಯಾಬಿನಲ್ಲಿ ಬಂದದ್ದರಲ್ಲಿ ಸಾಮಾನ್ಯವಾಗಿ 30 ಪರ್ಸೆಂಟ್ ಕಳೆದೇ ಗ್ರಾಹಕರಿಗೆ ತೋರಿಸುತ್ತಾರೆ. ಚಾರ್ಜ್ ಮಾಡುವಾಗ ಪೋಲಾಗುವ ಕರೆಂಟನ್ನೂ ಖರ್ಚಿಗೆ ಸೇರಿಸುತ್ತಾರೆ. ನನ್ನ ಪ್ರಕಾರ ಅದೇ ಸರಿ. ನಮ್ಮನೆಯಲ್ಲಿ ಬ್ಯಾಟರಿಗೆ 20 ಯೂನಿಟ್ ತುಂಬುವಷ್ಟರಲ್ಲಿ ಮೀಟರ್ 23 ತೋರಿಸುತ್ತದೆ. ನಾವು ಬಿಲ್ ಕಟ್ಟುವುದು 23ಕ್ಕೇ ಅಲ್ವಾ?

ಆದರೆ ಘಟ್ಟದ ಲೆಕ್ಕ ಈ ಯಾವ ಪರೀಕ್ಷೆಯಲ್ಲೂ ಇಲ್ಲ. ಶಿರಸಿ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ. ಕಾರು, ನಾವು ನಾಲ್ಕು ಜನ, ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲ ಎಲ್ಲ ಸೇರಿ 1,700 ಕೆಜಿ. ಅಷ್ಟು ಭಾರವನ್ನು ಬರೀ ಮೇಲೆತ್ತುವುದಕ್ಕೇ 2.8 ಯೂನಿಟ್ ಬೇಕು. ಹತ್ತಿರ ಹತ್ತಿರ ನನ್ನ ಬ್ಯಾಟರಿಯ ಹತ್ತನೇ ಒಂದು ಪಾಲು. ಇಳಿಯುವಾಗ ಮೋಟರೇ ಕರೆಂಟ್ ತಯಾರಿಸಿ ಬ್ಯಾಟರಿಗೆ ತುಂಬುವುದರಿಂದ ಸ್ವಲ್ಪ ವಾಪಸ್ ಬರುತ್ತದೆ, ಪೂರ್ತಿ ಬರುವುದಿಲ್ಲ.

ಒಂದು ಮಳೆಗಾಲದ ಸಂಜೆ ಕಾರವಾರದಿಂದ ಆಯಿಯನ್ನು ಕರೆದುಕೊಂಡು ಬರುತ್ತಿದ್ದೆ. ಹೆದ್ದಾರಿ ಬದಿಯಲ್ಲಿ ನಂಬಿಕೊಂಡಿದ್ದ ಚಾರ್ಜರ್ ಕೆಟ್ಟು ನಿಂತಿತ್ತು. ಕುಮಟಾ ಬಿಡುವಾಗ 41 ಪರ್ಸೆಂಟ್. ಗಾಜು ಮಂಜಾಗುತ್ತಿತ್ತು, ಎಸಿ ಹಾಕದೆ ದಾರಿ ಕಾಣುತ್ತಿರಲಿಲ್ಲ. ಘಟ್ಟದ ಒಂದೊಂದು ತಿರುವಿಗೂ ಅಂಕಿ ಇಳಿಯುವುದನ್ನು ಆಯಿಯೂ ನೋಡುತ್ತಿದ್ದಳು. "ಮನೆ ಮುಟ್ಟತ್ತಾ ತಮಾ?" ಅಂದಳು. ಅಂಗಳಕ್ಕೆ ಬಂದು ನಿಲ್ಲಿಸಿದಾಗ ಉಳಿದಿದ್ದು 3.

ಅಂದಿನಿಂದ ಬ್ಯಾಟರಿಯ ಯೂನಿಟ್ಟನ್ನು 7ರಿಂದ ಗುಣಿಸಿ, ಬಂದದ್ದನ್ನೇ ರೇಂಜ್ ಅಂದುಕೊಳ್ಳುತ್ತೇನೆ. ಘಟ್ಟ ಹತ್ತುವುದಿದ್ದರೆ ಅದರಲ್ಲಿ ಇನ್ನೊಂದು ಹತ್ತು ಪರ್ಸೆಂಟ್ ಕಳೆಯುತ್ತೇನೆ. ಕುಮಟಾದಲ್ಲಿ 55 ಪರ್ಸೆಂಟ್ ಚಾರ್ಜ್ ಇಲ್ಲದಿದ್ದರೆ ಹೊರಡುವುದೇ ಇಲ್ಲ. ಕಾರಿನ ಮೇಲೆ ದೂರಿಲ್ಲ. ಹತ್ತುವಾಗ ಗೇರ್ ಬದಲಿಸುವ ಕಿರಿಕಿರಿ ಇಲ್ಲ, ಹಿಂದೆ ಕೂತ ಆಯಿಗೆ ಈಗ ವಾಂತಿಯೂ ಬರುವುದಿಲ್ಲ. ಮುಂದಿನ ಕಾರೂ ಇವಿಯೇ, ಆದರೆ 40 ಯೂನಿಟ್‌ಗಿಂತ ಜಾಸ್ತಿಯದ್ದು.