ಎಲೆಕ್ಟ್ರಾನಿಕ್ ಕಡೆ ಹೊರಳಿದ ಮೂರು ಮೆಟಲ್ ಆಲ್ಬಂಗಳು: ನನ್ನ ದುಡ್ಡು ‘ಹೋಸ್ಟ್’ಗೇ

ಪ್ಯಾರಡೈಸ್ ಲಾಸ್ಟ್ ತಂಡದ ‘ಹೋಸ್ಟ್’ (1999) ಸಿ.ಡಿ. ನನ್ನ ಕಪಾಟು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಅದರ ಜೊತೆಗೇ ತರಿಸಿಕೊಂಡ ಕಾರ್ನ್ ತಂಡದ ‘ದ ಪಾತ್ ಆಫ್ ಟೋಟ್ಯಾಲಿಟಿ’ಯನ್ನು (2011) ಯಾರಾದರೂ ಕೇಳಿದರೆ ಕೊಟ್ಟುಬಿಡುತ್ತೇನೆ. ಮಾರ್ಬಿಡ್ ಏಂಜೆಲ್‌ನ ‘ಇಲ್ಲುಡ್ ಡಿವಿನಂ ಇನ್ಸಾನಸ್’ (2011) ಈಗಾಗಲೇ ಗೆಳೆಯನೊಬ್ಬನ ಮನೆ ಸೇರಿದೆ. ಮೂರರ ಹಿನ್ನೆಲೆಯೂ ಒಂದೇ: ಹೆಸರು ಮಾಡಿದ ಮೆಟಲ್ (ಗಿಟಾರಿನ ಅಬ್ಬರದ ರಾಕ್) ತಂಡವೊಂದು ಎಲೆಕ್ಟ್ರಾನಿಕ್ ಸಂಗೀತದ ಕಡೆ ಹೊರಳಿತು, ಹಳೆಯ ಅಭಿಮಾನಿಗಳು ಸಿಟ್ಟಿಗೆದ್ದರು, ವಾದ ವರ್ಷಗಟ್ಟಲೆ ನಡೆಯಿತು. ಹೊರಳಿದ್ದು ಸರಿಯೋ ತಪ್ಪೋ ಎಂಬ ಆ ವಾದಕ್ಕೆ ನಾನು ಕೈಹಾಕುವುದಿಲ್ಲ. ಒಂದೇ ಆಲ್ಬಂ ಕೊಳ್ಳುವಷ್ಟು ದುಡ್ಡಿರುವವರು ಯಾವುದನ್ನು ಕೊಳ್ಳಬೇಕು ಎಂಬುದಷ್ಟೇ ನನ್ನ ವಿಷಯ.

ನಾನು ಕೇಳುವ ರೀತಿಯನ್ನು ಮೊದಲೇ ಹೇಳಿಬಿಡುತ್ತೇನೆ, ತೀರ್ಪು ಅದರ ಮೇಲೆ ನಿಂತಿದೆ. ಒಂದು ಆಲ್ಬಂ ಹಾಕಿದರೆ ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕೇಳುತ್ತೇನೆ, ನಡುವೆ ಹಾರಿಸುವುದಿಲ್ಲ. ಮನೆಯಲ್ಲಿ ಸಾಧಾರಣ ಬೆಲೆಯ ಒಂದು ಜೊತೆ ಸ್ಪೀಕರ್, ಬಸ್ಸಿನಲ್ಲಿ ಇಯರ್‌ಫೋನ್. ಕೆಳಗಿನ ಸ್ವರಗಳಿಗಾಗಿಯೇ ಬೇರೆ ಸ್ಪೀಕರ್ ಇಟ್ಟುಕೊಂಡಿಲ್ಲ, ಇಟ್ಟುಕೊಳ್ಳುವ ಆಸೆಯೂ ಇಲ್ಲ. ಹೊರದೇಶದಿಂದ ಸಿ.ಡಿ. ತರಿಸುವಾಗ ಅಂಚೆಯ ಖರ್ಚು ಆಲ್ಬಮಿನ ಬೆಲೆಯನ್ನೇ ಮುಟ್ಟುವುದರಿಂದ, ಮತ್ತೆ ಮತ್ತೆ ಕೇಳುತ್ತೇನೆ ಎಂಬ ಭರವಸೆ ಹುಟ್ಟಿಸದ ಆಲ್ಬಂ ನನಗೆ ದುಬಾರಿ.

ಪ್ಯಾರಡೈಸ್ ಲಾಸ್ಟ್ ಇಂಗ್ಲೆಂಡಿನ ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್ ಊರಿನ ತಂಡ. 1988ರಲ್ಲಿ ಹುಟ್ಟಿತು. 1991ರ ‘ಗಾಥಿಕ್’, 1995ರ ‘ಡ್ರೇಕೋನಿಯನ್ ಟೈಮ್ಸ್’ ಕೇಳಿ ಬೆಳೆದವರಿಗೆ ಆ ತಂಡವೆಂದರೆ ನಿಧಾನವಾದ, ಭಾರವಾದ ಗಿಟಾರ್ ಮತ್ತು ಅದರ ಮೇಲೆ ತೇಲುವ ಗಿಟಾರ್ ವಾದಕ ಗ್ರೆಗರ್ ಮ್ಯಾಕಿಂಟಾಷರ ಅಳುವಂಥ ಒಂದು ಎಳೆ. 1997ರ ‘ಒನ್ ಸೆಕೆಂಡ್’ನಲ್ಲಿ ಕೀಬೋರ್ಡ್ ಮುಂದೆ ಬಂತು. ಎರಡು ವರ್ಷ ಕಳೆದು ಇ.ಎಂ.ಐ. ಧ್ವನಿಮುದ್ರಣ ಸಂಸ್ಥೆಯ ಮೂಲಕ ‘ಹೋಸ್ಟ್’ ಬಂದಾಗ ಗಿಟಾರಿನ ಗೋಡೆಯೇ ಕಾಣಿಸಲಿಲ್ಲ. ನಿರ್ಮಾಪಕ ಸ್ಟೀವ್ ಲಯನ್ ಅದಕ್ಕೂ ಮೊದಲು ಎಲೆಕ್ಟ್ರಾನಿಕ್ ಪಾಪ್ ಹಾಡುಗಳಿಗೆ ಹೆಸರಾದ ಡಿಪೆಷ್ ಮೋಡ್ ತಂಡಕ್ಕೆ ಧ್ವನಿಮುದ್ರಣದ ಎಂಜಿನಿಯರಾಗಿ ಕೆಲಸ ಮಾಡಿದ್ದವರು. ಇವರು ಡಿಪೆಷ್ ಮೋಡ್ ಆಗಲು ಹೊರಟಿದ್ದಾರೆ ಎಂಬ ದೂರು ಅಂದಿನಿಂದ ಇಂದಿನವರೆಗೂ ಇದೆ.

ದೂರಿನಲ್ಲಿ ಅರ್ಧ ಸತ್ಯವಿದೆ. ಆದರೆ ಮೊದಲ ಹಾಡು ‘ಸೋ ಮಚ್ ಈಸ್ ಲಾಸ್ಟ್’ ಹಾಕಿ, ಗಾಯಕ ನಿಕ್ ಹೋಮ್ಸರ ದನಿಯನ್ನು ಬದಿಗಿಟ್ಟು, ಅದರ ಹಿಂದಿನ ರಾಗದ ಸಾಲನ್ನು ಮಾತ್ರ ಹಿಂಬಾಲಿಸಿ. ತಾಳ ಯಂತ್ರದ್ದು, ನಾದ ಸಿಂಥಸೈಸರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ್ದು. ಸಾಲು ಮಾತ್ರ ಮ್ಯಾಕಿಂಟಾಷರದ್ದೇ. ಒಂದು ಸ್ವರದ ಮೇಲೆ ತಡೆದು ನಿಲ್ಲುವುದು, ಇನ್ನೇನು ಮೇಲೇರುತ್ತದೆ ಎನ್ನುವಾಗ ಕೆಳಗಿಳಿಯುವುದು, ‘ಡ್ರೇಕೋನಿಯನ್ ಟೈಮ್ಸ್’ನಲ್ಲಿ ಗಿಟಾರ್ ಮಾಡುತ್ತಿದ್ದ ಅದೇ ನಡೆ. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನ್ ಎತ್ತಿಕೊಂಡಾಗ ಕೀರ್ತನೆ ಕೀರ್ತನೆಯಾಗಿಯೇ ಉಳಿಯಿತಲ್ಲ, ಇಲ್ಲಿ ನಡೆದಿರುವುದೂ ಅದೇ: ವಾದ್ಯ ಬದಲಾಯಿತು, ಸಂಗೀತ ಬದಲಾಗಲಿಲ್ಲ. ಹಾಡು ಕಟ್ಟಿದವರೇ ಯಂತ್ರವನ್ನೂ ಕಲಿತರು, ಹೊರಗಿನವರ ಕೈಗೆ ಒಪ್ಪಿಸಲಿಲ್ಲ. ಉಳಿದೆರಡು ಆಲ್ಬಂಗಳಲ್ಲಿ ನನಗೆ ಸಿಗದೆ ಹೋದದ್ದು ಇದೇ.

ಹದಿಮೂರು ಹಾಡುಗಳಲ್ಲಿ ನಡುವಿನ ಕೆಲವು ಒಂದೇ ನಡೆಯಲ್ಲಿ ಸಾಗುತ್ತವೆ, ಅದು ನಿಜ. ಎರಡು ಹಾಡು ಕಡಿಮೆಯಾಗಿದ್ದರೂ ನಷ್ಟವಿರಲಿಲ್ಲ.

ಇನ್ನು ಕಾರ್ನ್. ಈ ಆಲ್ಬಮಿನಲ್ಲಿ ನನ್ನನ್ನು ಕಾಡಿದ ತೊಡಕು ಒಂದೇ, ಆದರೆ ಅದು ಇಡೀ ಆಲ್ಬಮನ್ನು ತಿಂದುಹಾಕುವಷ್ಟು ದೊಡ್ಡದು: ಫೀಲ್ಡಿ ನುಡಿಸಿದ ಬೇಸ್ ಗಿಟಾರ್ ಕೇಳಿಸುವುದಿಲ್ಲ.

ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡಿನ ಈ ತಂಡವನ್ನು 1994ರ ಮೊದಲ ಆಲ್ಬಮಿನಿಂದ ಬಲ್ಲವರಿಗೆ ಆ ಬೇಸ್ ಏನೆಂದು ಗೊತ್ತು. ತಂತಿ ಫ್ರೆಟ್ಟಿಗೆ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗೆ) ಬಡಿದು ಟಕಟಕ ಎನ್ನುತ್ತದೆ, ಅರ್ಧ ತಂತಿವಾದ್ಯ, ಅರ್ಧ ತಾಳವಾದ್ಯ. ಅದರ ಮೇಲೆ ಏಳು ತಂತಿಯ ಗಿಟಾರನ್ನು ‘ಎ’ ಸ್ವರದವರೆಗೆ ಇಳಿಸಿ ನುಡಿಸುತ್ತಾರೆ. ಆ ದಪ್ಪ ತಂತಿಯ ಕಂಪನ ಸೆಕೆಂಡಿಗೆ 55. ಬೇಸ್ ಗಿಟಾರಿನ ಅದೇ ಸ್ವರ ಅದರ ಅರ್ಧ, 27.5. ಅಂದರೆ ಈ ತಂಡದ ಕೆಳಸ್ಥಾಯಿ ಯಾರೂ ಬರುವ ಮೊದಲೇ ತುಂಬಿದೆ.

ಅಲ್ಲಿಗೆ ಡಬ್‌ಸ್ಟೆಪ್ ಬಂತು. 2000ದ ದಶಕದ ಮೊದಲ ವರ್ಷಗಳಲ್ಲಿ ದಕ್ಷಿಣ ಲಂಡನ್ನಿನಲ್ಲಿ ರೂಪುಗೊಂಡ ಈ ಎಲೆಕ್ಟ್ರಾನಿಕ್ ನೃತ್ಯಸಂಗೀತ ಪ್ರಕಾರದ ವೇಗ ನಿಮಿಷಕ್ಕೆ ಸುಮಾರು 140 ಬಡಿತ. ಆದರೆ ಸ್ನೇರ್ ಡ್ರಮ್ ನಾಲ್ಕರಲ್ಲಿ ಮೂರನೆಯ ಬಡಿತಕ್ಕೆ ಮಾತ್ರ ಬೀಳುವುದರಿಂದ ಕಿವಿಗೆ ಅರ್ಧ ವೇಗವೆನಿಸುತ್ತದೆ. ನಡುವೆ ಉಳಿಯುವ ಜಾಗವೆಲ್ಲ ಬೇಸ್‌ಗೆ ಮೀಸಲು. ಸಿಂಥಸೈಸರಿನ ಒಂದು ದಪ್ಪ ದನಿಯನ್ನು ಹಿಡಿದು, ಅದರ ಫಿಲ್ಟರನ್ನು ತಾಳಕ್ಕೆ ಸರಿಯಾಗಿ ತೆರೆದು ಮುಚ್ಚಿ ಅದನ್ನು ‘ವಾಂವ್ ವಾಂವ್’ ಎಂದು ಗುರುಗುಟ್ಟಿಸುತ್ತಾರೆ. ಸ್ಕ್ರಿಲೆಕ್ಸ್, ಎಕ್ಸಿಷನ್, ನಾಯ್ಸಿಯಾ ಮುಂತಾದ ಎಲೆಕ್ಟ್ರಾನಿಕ್ ಸಂಗೀತದ ನಿರ್ಮಾಪಕರು ಕಾರ್ನ್‌ಗೆ ತಂದುಕೊಟ್ಟದ್ದು ಇದನ್ನೇ. ಡಬ್‌ಸ್ಟೆಪ್ಪಿಗೂ ಕಾರ್ನ್‌ಗೂ ಬೇಕಾದದ್ದು ಒಂದೇ ಜಾಗ. ಇಬ್ಬರಿಗೂ ಅಲ್ಲಿ ಸ್ಥಳವಿಲ್ಲ. ಗುರುಗುಟ್ಟುವ ಸಿಂಥ್ ಗೆದ್ದಿತು, ಫೀಲ್ಡಿ ಸೋತರು.

ತಪ್ಪು ನನ್ನ ಉಪಕರಣಗಳದ್ದಿರಬಹುದೆಂದು ಎಲ್ಲ ರೀತಿಯಲ್ಲೂ ಕೇಳಿ ನೋಡಿದೆ. ಬೇಸ್ ಏರಿಸಿದರೆ ಸಿಂಥ್ ಇನ್ನಷ್ಟು ಉಬ್ಬುತ್ತದೆ, ಟಕಟಕ ಮೇಲೆ ಬರುವುದಿಲ್ಲ. ಬೇಸ್ ಇಳಿಸಿದರೆ ಗಿಟಾರ್ ವಾದಕ ಮಂಕಿಯ ನಾದದ ಬುಡವೇ ಹೋಗಿ, ಬರೀ ಗರಗರ ಉಳಿಯುತ್ತದೆ. ಬಸ್ಸಿನಲ್ಲಂತೂ ಎಂಜಿನ್ನಿನ ಸದ್ದು ಸಿಂಥಿನ ಸದ್ದಿಗೆ ಬೆರೆತು, ಗಾಯಕ ಜೊನಾಥನ್ ಡೇವಿಸರ ದನಿಯೊಂದೇ ಕೈಗೆ ಸಿಗುತ್ತದೆ. ಒಂದು ತಂಡ ಹೊಸ ಹಾದಿ ಹಿಡಿದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಆ ತಂಡದ ಗುರುತೇ ಆಗಿದ್ದ ವಾದ್ಯವನ್ನು ಅತಿಥಿಗಳಿಗಾಗಿ ಮೂಲೆಗೆ ಸರಿಸಿದರೆ, ಅದು ಯಾರ ಆಲ್ಬಂ? ಹಾಡಿನಿಂದ ಹಾಡಿಗೆ ನಿರ್ಮಾಪಕರು ಬದಲಾಗುವುದರಿಂದ ಆ ಪ್ರಶ್ನೆ ಇನ್ನಷ್ಟು ಜೋರಾಗುತ್ತದೆ. ಪದ್ಯಭಾಗಗಳೆಲ್ಲ ಮುಂದೆ ಬರಲಿರುವ ಅಬ್ಬರಕ್ಕೆ ಪೀಠಿಕೆಯಂತೆ ಕೇಳುತ್ತವೆ, ಅಬ್ಬರ ಬರುವ ಜಾಗವೂ ಹೆಚ್ಚು ಕಡಿಮೆ ಅದೇ.

ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ಸ್ಕ್ರಿಲೆಕ್ಸ್ ಜೊತೆಗಿನ ‘ಗೆಟ್ ಅಪ್!’ ಬಿಡಿ ಹಾಡಾಗಿ ಗಟ್ಟಿಯಾಗಿದೆ. ಡಬ್‌ಸ್ಟೆಪ್ ಉತ್ತುಂಗದಲ್ಲಿದ್ದ ವರ್ಷದಲ್ಲೇ ದೊಡ್ಡ ಮೆಟಲ್ ತಂಡವೊಂದು ಇಡೀ ಆಲ್ಬಮನ್ನು ಅದಕ್ಕೆ ಒಪ್ಪಿಸಿದ್ದು ಧೈರ್ಯದ ಕೆಲಸ. ಅಮೆರಿಕದ ‘ರಿವಾಲ್ವರ್’ ಪತ್ರಿಕೆ 2012ರಲ್ಲಿ ಇದಕ್ಕೆ ವರ್ಷದ ಆಲ್ಬಂ ಪ್ರಶಸ್ತಿ ಕೊಟ್ಟಿತು. ಆದರೆ ಆ ವರ್ಷದ ಸದ್ದು ಆ ವರ್ಷಕ್ಕೇ ಅಂಟಿಕೊಂಡಿದೆ.

ಮಾರ್ಬಿಡ್ ಏಂಜೆಲ್ ವಿಷಯ ಬೇಗ ಮುಗಿಯುತ್ತದೆ. ಫ್ಲಾರಿಡಾದ ಟ್ಯಾಂಪಾದ ಈ ತಂಡ 1989ರ ‘ಆಲ್ಟರ್ಸ್ ಆಫ್ ಮ್ಯಾಡ್‌ನೆಸ್’ನಿಂದ ಡೆತ್ ಮೆಟಲ್‌ಗೆ (ಘರ್ಜನೆಯ ಗಾಯನದ ಅತಿ ಒರಟು ಮೆಟಲ್) ಅಡಿಪಾಯ ಹಾಕಿದವುಗಳಲ್ಲಿ ಒಂದು. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲೇ ಆಲ್ಬಂಗಳಿಗೆ ಹೆಸರಿಡುತ್ತ ಬಂದು ‘ಐ’ ಅಕ್ಷರ ಮುಟ್ಟಿದಾಗ ಬಂದದ್ದು ‘ಇಲ್ಲುಡ್’. ಗಾಯಕ ಡೇವಿಡ್ ವಿನ್ಸೆಂಟ್ 1995ರ ನಂತರ ಮೊದಲ ಬಾರಿಗೆ ತಂಡದ ಸ್ಟುಡಿಯೊ ಆಲ್ಬಮಿಗೆ ಮರಳಿದ್ದರಿಂದ ನಿರೀಕ್ಷೆ ಬೆಟ್ಟದಷ್ಟಿತ್ತು. ಪೀಠಿಕೆಯ ಸಂಗೀತ ಮುಗಿದ ಕೂಡಲೇ ‘ಟೂ ಎಕ್ಸ್‌ಟ್ರೀಮ್!’ ಯಂತ್ರದ ಡ್ರಮ್ ಬಡಿಯತೊಡಗುತ್ತದೆ, ಆರು ನಿಮಿಷಕ್ಕೂ ಹೆಚ್ಚು ಹೊತ್ತು. ಅದರ ಬೆನ್ನಿಗೇ ‘ಎಕ್ಸಿಸ್ಟೊ ವಲ್ಗೊರೆ’, ‘ಬ್ಲೇಡ್ಸ್ ಫಾರ್ ಬಾಲ್’ ಎಂಬ ಎರಡು ಅಪ್ಪಟ ಡೆತ್ ಮೆಟಲ್ ಹಾಡುಗಳು. ಕೊನೆಯ ಕಡೆಗೆ ‘ರ‍್ಯಾಡಿಕಲ್ಟ್’ನಲ್ಲಿ ಮತ್ತೆ ಯಂತ್ರ. ಆ ಡೆತ್ ಮೆಟಲ್ ಹಾಡುಗಳು ಚೆನ್ನಾಗಿಯೇ ಇವೆ, ಅದೇ ನನಗೆ ನೋವು. ಟ್ರೇ ಅಝಗ್‌ಥಾತ್‌ರಂಥ ಗಿಟಾರ್ ವಾದಕ ಇರುವ ತಂಡ ಯಾವ ಕಡೆಗೂ ಪೂರ್ತಿ ಹೋಗದೆ ನಡುವೆ ನಿಂತಿದೆ. ಹಾಡು ಹಾರಿಸದೆ ಕೇಳುವ ನನ್ನಂಥವರಿಗೆ ಇದು ಒಗ್ಗುವುದಿಲ್ಲ. ಬೇಕಾದ ನಾಲ್ಕು ಹಾಡುಗಳನ್ನು ಆಯ್ದು ಮೊಬೈಲಿನಲ್ಲಿ ಕೇಳುವವರಿಗೆ ಅಡ್ಡಿಯಿಲ್ಲ. 2012ರಲ್ಲಿ ಬಂದ ಇದರ ರೀಮಿಕ್ಸ್ ಆಲ್ಬಮಿನ ಗೋಜಿಗೆ ನಾನು ಹೋಗಿಲ್ಲ.

ನಾರ್ವೆಯ ಉಲ್ವರ್ ಎಲ್ಲಿ ಎಂದು ಕೆಲವರು ಕೇಳುತ್ತಾರೆ. 1997ರಲ್ಲಿ ‘ನಾಟೆನ್ಸ್ ಮಾಡ್ರಿಗಲ್’ನಂಥ ಒರಟು ಬ್ಲ್ಯಾಕ್ ಮೆಟಲ್ ಮಾಡಿ, 2000ದಲ್ಲಿ ‘ಪರ್ಡಿಷನ್ ಸಿಟಿ’ ಎಂಬ ಎಲೆಕ್ಟ್ರಾನಿಕ್ ಆಲ್ಬಂ ಕೊಟ್ಟ ತಂಡ ಅದು. ಅದೂ ನನಗೆ ಬಹಳ ಇಷ್ಟ. ಆದರೆ ಅವರು ಮೆಟಲನ್ನು ಪೂರ್ತಿ ಬಿಟ್ಟು ಬೇರೆ ಊರಿಗೇ ಹೋದವರು. ಇದ್ದ ಮನೆಯಲ್ಲೇ ಇದ್ದುಕೊಂಡು ಗೋಡೆ ಒಡೆದವರ ಜೊತೆ ಅವರನ್ನು ತೂಗುವುದು ಸರಿಯಲ್ಲ.

‘ಹೋಸ್ಟ್’ ಬಗ್ಗೆ ಅದನ್ನು ಮಾಡಿದವರ ನಿಲುವು ಏನೆಂಬುದಕ್ಕೆ ಸಾಕ್ಷಿ ಬಹಳ ವರ್ಷಗಳ ನಂತರ ಸಿಕ್ಕಿತು. ತಂಡ ಮುಂದೆ ಗಿಟಾರಿಗೆ ಮರಳಿತು. 2015ರ ‘ದ ಪ್ಲೇಗ್ ವಿದಿನ್’ನಲ್ಲಿ ಹೋಮ್ಸ್ ಹಳೆಯ ಘರ್ಜನೆಯನ್ನೂ ತಂದರು. ಅಷ್ಟಾದ ಮೇಲೂ ಹೋಮ್ಸ್ ಮತ್ತು ಮ್ಯಾಕಿಂಟಾಷ್ ಇಬ್ಬರೇ ಸೇರಿ ಎಲೆಕ್ಟ್ರಾನಿಕ್ ಸಂಗೀತಕ್ಕಾಗಿ ಬೇರೊಂದು ತಂಡ ಕಟ್ಟಿ, ಅದಕ್ಕೆ ‘ಹೋಸ್ಟ್’ ಎಂದೇ ಹೆಸರಿಟ್ಟು 2023ರಲ್ಲಿ ಆಲ್ಬಂ ತಂದರು. ಎಲ್ಲರೂ ಬೈದ ಕೆಲಸದ ಹೆಸರನ್ನು ಮತ್ತೆ ಹಣೆಗೆ ಕಟ್ಟಿಕೊಳ್ಳುವುದಕ್ಕೆ ಆ ಕೆಲಸದ ಮೇಲೆ ಪ್ರೀತಿ ಇರಬೇಕು.

ಕೊಳ್ಳುವವರಿಗೆ: ‘ಹೋಸ್ಟ್’ನ 2018ರ ಮರುಮಾಸ್ಟರಿಂಗ್ (ಧ್ವನಿಯನ್ನು ಮತ್ತೆ ಹದಗೊಳಿಸಿದ) ಮುದ್ರಣವನ್ನೇ ತೆಗೆದುಕೊಳ್ಳಿ. 1999ರ ಮೊದಲ ಮುದ್ರಣಕ್ಕೆ ಹೆಚ್ಚು ಬೆಲೆ ಕೇಳಿದರೆ ಕೊಡುವ ಅಗತ್ಯ ನನಗೆ ಕಾಣಲಿಲ್ಲ. ಪ್ಯಾಕಿಂಗ್ ಹೇಗೆಂದು ಮೊದಲೇ ವಿಚಾರಿಸಿ; ನನಗೆ ಬಂದದ್ದರ ಡಬ್ಬಿ ದಾರಿಯಲ್ಲಿ ಸೀಳಿತ್ತು, ತಟ್ಟೆಗೆ ಏನೂ ಆಗಿರಲಿಲ್ಲ. ಕಾರ್ನ್ ಬೇಕೆಂದವರು ಮೊದಲು ‘ಗೆಟ್ ಅಪ್!’ ಮತ್ತು ‘ನಾರ್ಸಿಸಿಸ್ಟಿಕ್ ಕ್ಯಾನಿಬಲ್’ ಎರಡನ್ನು ಮೊಬೈಲಿನಲ್ಲಿ ಕೇಳಿ. ಮನೆಯಲ್ಲಿ ನೆಲ ನಡುಗಿಸುವ ಸ್ಪೀಕರ್ ಇದ್ದರೆ ನನ್ನ ತಕರಾರು ನಿಮಗೆ ಅಷ್ಟು ತಟ್ಟದೇ ಇರಬಹುದು. ಮಾರ್ಬಿಡ್ ಏಂಜೆಲ್‌ಗೆ ಎಂದು ಎತ್ತಿಟ್ಟ ದುಡ್ಡಿದ್ದರೆ ಅದರಲ್ಲಿ ‘ಒನ್ ಸೆಕೆಂಡ್’ ತರಿಸಿ, ‘ಹೋಸ್ಟ್’ಗೆ ಮೊದಲು ಅದನ್ನು ಕೇಳಿ, ಗಿಟಾರ್ ಎಲ್ಲಿ ಹಿಂದೆ ಸರಿಯತೊಡಗಿತು ಎಂಬುದು ಕಿವಿಗೇ ತಿಳಿಯುತ್ತದೆ.