ಸೊಂಟ ನೋವಿನ ಜೊತೆ ಒಂದಕ್ಕೆ ಹೋಗುವುದು ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡಿ

ಇದನ್ನು ಬರೆಯಲೋ ಬೇಡವೋ ಎಂದು ಎಂಟು ತಿಂಗಳಿಂದ ಯೋಚಿಸುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುವ ವಿಷಯ. ಆದರೆ ಅದೇ ನಾಚಿಕೆಯಿಂದ ನಾನು ಎರಡು ದಿನ ಕಳೆದುಕೊಂಡೆ. ಆ ಎರಡು ದಿನದ ಬೆಲೆ ಇವತ್ತಿಗೂ ಕಟ್ಟುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಯಾರಾದರೂ ಸೊಂಟ ಹಿಡಿದುಕೊಂಡಿದೆ ಎಂದು ಮಲಗಿದ್ದರೆ ದಯವಿಟ್ಟು ಪೂರ್ತಿ ಓದಿ.

ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ರೇಷ್ಮೆ ಬೆಳೆಯುತ್ತೇವೆ. ನನಗೆ 41 ವರ್ಷ. ಹದಿನೆಂಟು ವರ್ಷದಿಂದ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೊತ್ತಿದ್ದೇನೆ, ಒಂದು ದಿನವೂ ಸೊಂಟ ತೊಂದರೆ ಕೊಟ್ಟಿರಲಿಲ್ಲ. ಆ ಸಲ ಹುಳು ನಾಲ್ಕನೇ ಜ್ವರದಿಂದ ಎದ್ದು ಒಂದು ದಿನವಾಗಿತ್ತು (ಹುಳು ಪೊರೆ ಬಿಡುವಾಗ ಸೊಪ್ಪು ತಿನ್ನದೆ ಮಲಗುವುದನ್ನು ಜ್ವರ ಎನ್ನುತ್ತೇವೆ, ನಾಲ್ಕನೆಯದೇ ಕೊನೆಯದು). ಹುಳು ಸಾಕಿದವರಿಗೆ ಆ ವಾರ ಎಂಥದ್ದು ಅಂತ ಗೊತ್ತು. ಹುಳು ತನ್ನ ಜೀವನದಲ್ಲಿ ತಿನ್ನುವ ಸೊಪ್ಪಿನಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಕೊನೆಯ ಏಳೆಂಟು ದಿನದಲ್ಲೇ ತಿಂದು ಮುಗಿಸುತ್ತದೆ. ಬೆಳಿಗ್ಗೆ ಕೊಯ್ಯಬೇಕು, ಹೊರಬೇಕು, ಹಾಕಬೇಕು. ಮತ್ತೆ ಮಧ್ಯಾಹ್ನ, ಮತ್ತೆ ರಾತ್ರಿ.

ಸೋಮವಾರ ಬೆಳಿಗ್ಗೆ ನಮ್ಮನೆಯವರು ಟಿವಿಎಸ್ ಮೇಲೆ ಸೊಪ್ಪಿನ ಹೊರೆ ತಂದು ನಿಲ್ಲಿಸಿದರು. ಹೊರೆ ಒಂದು ಕಡೆ ವಾಲಿತ್ತು. ಬಿದ್ದು ಮಣ್ಣಾಗುತ್ತದಲ್ಲ ಎಂದು ನಾನು ಬಗ್ಗಿದವಳು ಹಾಗೇ ಪಕ್ಕಕ್ಕೆ ತಿರುಗಿ ಎತ್ತಿಬಿಟ್ಟೆ. ಸೊಂಟದೊಳಗೆ ಏನೋ ಚಳಕ್ ಎಂದಿತು. ಉಸಿರು ಕಟ್ಟಿದ ಹಾಗಾಯಿತು. ಹೊರೆ ಕೈಬಿಟ್ಟು ಮೊಣಕಾಲಿನ ಮೇಲೆ ಕೂತೆ, ಏಳಲು ಆಗಲಿಲ್ಲ. ಇಬ್ಬರು ಹಿಡಿದು ಒಳಗೆ ಕರೆದುಕೊಂಡು ಹೋದರು.

ಅತ್ತೆ ಹರಳೆಣ್ಣೆ ಹಚ್ಚಿ, ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟರು. ಅದರಲ್ಲಿ ತಪ್ಪೇನೂ ಇರಲಿಲ್ಲ, ಹಾಯ್ ಎನಿಸಿತು. ಅಲ್ಲಿಗೆ ನಿಲ್ಲಿಸಿ ನಾಲ್ಕು ದಿನ ಭಾರ ಎತ್ತದೆ ಇದ್ದಿದ್ದರೆ ಹೇಗಿರುತ್ತಿತ್ತೋ ಎಂದು ಈಗಲೂ ರಾತ್ರಿ ಮಲಗಿದಾಗ ಯೋಚನೆ ಬರುತ್ತದೆ.

ಆದರೆ ನಾವು ಮಲಗುವ ಕೋಣೆಗೂ ಹುಳು ಮನೆಗೂ ನಡುವೆ ಒಂದೇ ಗೋಡೆ. ಹುಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆ ಬಂದ ಹಾಗೆ ಕೇಳುತ್ತಿರುತ್ತದೆ. ಆ ಸದ್ದು ನಿಂತಿತು ಅಂದರೆ ಸೊಪ್ಪು ಮುಗಿಯಿತು ಅಂತ ಅರ್ಥ. ಸೋಮವಾರ ರಾತ್ರಿ ಸದ್ದು ನಿಂತಾಗಲೆಲ್ಲ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ನಮ್ಮನೆಯವರು ಒಬ್ಬರೇ ಎಷ್ಟು ಅಂತ ಮಾಡುತ್ತಾರೆ?

ಮಂಗಳವಾರ ಬೆಳಿಗ್ಗೆ ಹತ್ತಿರದ ಒಂದು ಕ್ಲಿನಿಕ್‌ಗೆ ಹೋದೆವು. ಬೋರ್ಡಿನಲ್ಲಿ ಹೆಸರಿತ್ತು, ಏನು ಓದಿದ್ದಾರೆ ಎಂದು ಇರಲಿಲ್ಲ. ನಾವೂ ಕೇಳಲಿಲ್ಲ. ಬಟ್ಟೆ ಮೇಲಿಂದಲೇ ಒತ್ತಿ ನೋಡಿ, ಸೊಂಟಕ್ಕೆ ಒಂದು ಇಂಜೆಕ್ಷನ್ ಹಾಕಿ, ಕಾಗದದಲ್ಲಿ ಮೂರು ಥರದ ಬಿಡಿ ಮಾತ್ರೆ ಕಟ್ಟಿಕೊಟ್ಟರು. ಕವರಿಲ್ಲ, ಹೆಸರಿಲ್ಲ. ಒಂದು ಗಂಟೆಯಲ್ಲಿ ನೋವು ಹೋಯಿತು! ಅವತ್ತು ನಾನು ಅವರಿಗೆ ಕೈ ಮುಗಿದಿದ್ದೆ. ಮಧ್ಯಾಹ್ನವೇ ಸೊಪ್ಪು ಎತ್ತಲು ಶುರು ಮಾಡಿದೆ. ಬುಧವಾರ ಪೂರ್ತಿ ಕೆಲಸ ಮಾಡಿದೆ.

ನೋವು ಗೊತ್ತಾಗದ ಹಾಗೆ ಮಾಡಿದ್ದರು, ಅಷ್ಟೇ. ಒಳಗಿನ ಏಟು ಹಾಗೇ ಇತ್ತು. ಅದರ ಮೇಲೆ ನಾನು ಎರಡು ದಿನ ಹೊರೆ ಹೊತ್ತೆ. ಮುಂದೆ ಬೆಂಗಳೂರಿನಲ್ಲಿ ಡಾಕ್ಟರು "ಯಾವ ಮಾತ್ರೆ ತಗೊಂಡಿದ್ರಿ?" ಎಂದು ಮೂರು ಸಲ ಕೇಳಿದರು. ನಮ್ಮ ಹತ್ತಿರ ಉತ್ತರವಿರಲಿಲ್ಲ. ಅದರಲ್ಲಿ ಸ್ಟೀರಾಯ್ಡ್ ಇತ್ತೋ ಏನೋ ಅವರಿಗೂ ಹೇಳಲಾಗಲಿಲ್ಲ. ಸ್ಟೀರಾಯ್ಡ್ ಆದರೆ ಶುಗರ್ ಏರುತ್ತದಂತೆ. ನೋವಿನ ಮಾತ್ರೆ ಜಾಸ್ತಿಯಾದರೆ ಹೊಟ್ಟೆ ಹುಣ್ಣು, ಕಿಡ್ನಿಗೂ ಪೆಟ್ಟು. ಹೆಸರಿಲ್ಲದ ಬಿಡಿ ಮಾತ್ರೆಯನ್ನು ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ. ಕವರ್ ಸಮೇತ ಕೇಳಿ, ಚೀಟಿ ಬರೆಸಿಕೊಳ್ಳಿ.

ಗುರುವಾರ ನೋವು ಜಾಗ ಬದಲಾಯಿಸಿತು. ಸೊಂಟದಿಂದ ಎಡ ತೊಡೆಯ ಹಿಂದೆ ಇಳಿದು ಮೀನಖಂಡ ದಾಟಿ ಪಾದದವರೆಗೂ ಕರೆಂಟು ಹೊಡೆದ ಹಾಗೆ ಬರುತ್ತಿತ್ತು. ಕೆಮ್ಮಿದರೆ, ಸೀನಿದರೆ ಇನ್ನೂ ಜಾಸ್ತಿ. ಟೌನಿಗೆ ಹೋಗಿ ಒಂದು ಕಡೆ ಎಕ್ಸ್‌ರೇ ತೆಗೆಸಿದೆವು. "ಮೂಳೆ ಎಲ್ಲಾ ಸರಿ ಇದೆ, ಏನೂ ಇಲ್ಲ" ಎಂದು ಕಳಿಸಿದರು. ನಮಗೆ ಎಷ್ಟು ಸಮಾಧಾನವಾಯಿತು ಅಂದರೆ ದಾರಿಯಲ್ಲಿ ಹೂವು, ಹಣ್ಣು ತಗೊಂಡು ಬಂದೆವು. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ. ಎರಡು ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಅದರ ಹಿಂದಿನ ನರ, ಇವು ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಎಂಆರ್‌ಐ ಬೇಕು. ಇದನ್ನು ಅವತ್ತು ಯಾರೂ ಹೇಳಲಿಲ್ಲ.

ಶುಕ್ರವಾರ ಸಂಜೆ ನೆಂಟರೊಬ್ಬರು ಸೊಂಟ ಸರಿ ಮಾಡುವವರ ಹತ್ತಿರ ಕರೆದುಕೊಂಡು ಹೋದರು. ಅವರ ಊರು, ಹೆಸರು ಬೇಡ. ಅವರ ಮನೆ ಮುಂದೆ ಹದಿನೈದು ಇಪ್ಪತ್ತು ಜನ ಕಾಯುತ್ತಿದ್ದರು, ಅದನ್ನು ನೋಡಿಯೇ ನಂಬಿಕೆ ಬಂತು. ಚಾಪೆ ಮೇಲೆ ಬೋರಲಾಗಿ ಮಲಗಿಸಿದರು. ಎಣ್ಣೆ ಹಾಕಿ ಉಜ್ಜಿದರು. ಆಮೇಲೆ ಒಂದು ಕಾಲು ಸೊಂಟದ ಮೇಲಿಟ್ಟು, ನನ್ನ ಎಡಗಾಲನ್ನು ಎರಡು ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದರು. ಲಟಕ್ ಎಂದಿತು. ನಾನು ಕಿರುಚಿದೆ. "ಕೂತ್ಕೊಳ್ತು ನೋಡಮ್ಮ" ಎಂದರು. 800 ರೂಪಾಯಿ ಕೊಟ್ಟು ಬಂದೆವು.

ಅವರಿಂದಲೇ ಹೀಗಾಯಿತು ಎಂದು ನಾನು ಹೇಳುವುದಿಲ್ಲ. ಡಿಸ್ಕ್ ಮೊದಲೇ ಜರುಗಿತ್ತು, ಎರಡು ದಿನ ನಾನೇ ಅದರ ಮೇಲೆ ಭಾರ ಹಾಕಿದ್ದೆ, ಯಾವುದರಿಂದ ಪೂರ್ತಿ ಹೊರಗೆ ಬಂತೋ ಖಚಿತವಾಗಿ ಹೇಳಲಾಗದು ಎಂದು ಡಾಕ್ಟರೂ ಹೇಳಿದರು. ಆದರೆ ಕಾಲಿಗೆ ನೋವು ಇಳಿದಿರುವ ಸೊಂಟವನ್ನು ತುಳಿಸುವುದು, ಎಳೆಸುವುದು ಮಾಡಲೇಬಾರದು ಎಂದೂ ಅವರೇ ಹೇಳಿದರು.

ಅದೇ ರಾತ್ರಿ ಹನ್ನೊಂದರ ಸುಮಾರಿಗೆ ಕಾಲಿನ ನೋವು ಕಮ್ಮಿಯಾಯಿತು. ವಾಸಿಯಾಗುತ್ತಿದೆ ಅಂದುಕೊಂಡೆ. ಆದರೆ ಕೂತರೆ ಕೂತ ಹಾಗೆ ಅನಿಸುತ್ತಿರಲಿಲ್ಲ. ಸೈಕಲ್ ಸೀಟಿನ ಮೇಲೆ ಕೂತಾಗ ಮೈಯ ಯಾವ ಭಾಗ ಸೀಟಿಗೆ ತಾಗುತ್ತದೋ ಅಷ್ಟೂ ಜೋಮು ಹಿಡಿದಿತ್ತು. ಎಣ್ಣೆಯ ಪ್ರಭಾವ ಇರಬೇಕು ಎಂದುಕೊಂಡೆ. ಶನಿವಾರ ಬೆಳಿಗ್ಗೆ ಒಂದಕ್ಕೆ ಕೂತರೆ ಬರಲೇ ಇಲ್ಲ. ಮುಕ್ಕಿದರೆ ನಾಲ್ಕು ಹನಿ. ನೀರಿನಿಂದ ತೊಳೆದುಕೊಂಡರೆ ನೀರು ಬಿಸಿಯೋ ತಣ್ಣಗೋ ಗೊತ್ತಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೊತ್ತಿಲ್ಲದಂತೆ ಸ್ವಲ್ಪ ಸ್ವಲ್ಪ ಸೋರಿ ಸೀರೆ ಒದ್ದೆಯಾಯಿತು.

ಯಾರಿಗೂ ಹೇಳಲಿಲ್ಲ. ಬಟ್ಟೆ ಮಡಚಿ ಇಟ್ಟುಕೊಂಡೆ. ಅತ್ತೆಗೆ ಹೇಗೆ ಹೇಳುವುದು, ಮಗಳಿಗೆ ಹೇಗೆ ಹೇಳುವುದು? ನಮ್ಮನೆಯವರಿಗೆ ಹೇಳೋಣ ಎಂದರೆ ಅವರು ಸೊಪ್ಪು ಹಾಕಿ ಸಾಕಾಗಿ ಕೂತಲ್ಲೇ ನಿದ್ದೆ ಮಾಡುತ್ತಿದ್ದರು. ಹೊಟ್ಟೆ ಕೆಳಗೆ ಉಬ್ಬಿತ್ತು, ಆದರೆ ನೋವೇ ಇರಲಿಲ್ಲ. ನೋವಿಲ್ಲವಲ್ಲ ಎಂಬುದೇ ನನಗೆ ಧೈರ್ಯವಾಗಿತ್ತು. ಮೂತ್ರ ಕಟ್ಟಿದ್ದರೂ ನೋವು ಗೊತ್ತಾಗುತ್ತಿಲ್ಲ ಅಂದರೆ ಅದು ಇನ್ನೂ ಕೆಟ್ಟ ಲಕ್ಷಣ ಅಂತ ಆಮೇಲೆ ತಿಳಿಯಿತು.

ಭಾನುವಾರ ಬೆಳಿಗ್ಗೆ ನಮ್ಮೂರ ಆಶಾ ಕಾರ್ಯಕರ್ತೆ ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದಿದ್ದರು. ನಾನು ಮಲಗಿರುವುದು ಕೇಳಿ ಒಳಗೆ ಬಂದರು. ಸೊಂಟ, ಕಾಲು ಎಲ್ಲ ಕೇಳಿದರು. ಆಮೇಲೆ ಹತ್ತಿರ ಕೂತು ಮೆಲ್ಲಗೆ, "ಅಕ್ಕ, ಒಂದಕ್ಕೆ ಎರಡಕ್ಕೆ ಸರಿಯಾಗಿ ಹೋಗ್ತಿದೆಯಾ?" ಎಂದರು.

ನಾನು ಅಳಲು ಶುರು ಮಾಡಿದೆ. ಅವರು ಇನ್ನೊಂದು ಮಾತು ಕೇಳಲಿಲ್ಲ. ಅಲ್ಲೇ ನಿಂತು 108ಕ್ಕೆ ಫೋನ್ ಮಾಡಿದರು.

ಚಿಕ್ಕಬಳ್ಳಾಪುರದಲ್ಲಿ ಮೊದಲು ಮೂತ್ರಕ್ಕೆ ಟ್ಯೂಬ್ ಹಾಕಿದರು. ಸಿಸ್ಟರ್ ಬ್ಯಾಗಿನ ಗೆರೆ ನೋಡಿ ಒಂದು ಲೀಟರ್ ದಾಟಿದೆ ಎಂದರು. ಸಾಮಾನ್ಯವಾಗಿ 400, 500 ಎಂಎಲ್ ತುಂಬುವಷ್ಟರಲ್ಲೇ ಯಾರಿಗಾದರೂ ತಡೆಯಲಾಗುವುದಿಲ್ಲವಂತೆ. ಡ್ಯೂಟಿ ಡಾಕ್ಟರು ಹತ್ತಿಯಲ್ಲಿ ಮುಟ್ಟಿ, ಪಿನ್ನಿನಲ್ಲಿ ಚುಚ್ಚಿ ನೋಡಿದವರೇ ಬೆಂಗಳೂರಿಗೆ ಬರೆದುಕೊಟ್ಟರು. ಸಂಜೆಗೆ ಅಲ್ಲಿನ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿದ್ದೆವು. ಎಂಆರ್‌ಐಗೆ ಮೈಮೇಲೆ ಲೋಹ ಇರಬಾರದು ಎಂದು ತಾಳಿ ತೆಗೆಸಿದರು, ಕಾಲುಂಗುರ ತೆಗೆಯಲು ಹೇಳಿದರು. ಮದುವೆಯಾದಾಗಿನಿಂದ ತೆಗೆಯದ ಕಾಲುಂಗುರ, ಕಚ್ಚಿಕೊಂಡಿತ್ತು. ಸಿಸ್ಟರ್ ಸೋಪು ಹಚ್ಚಿ ತಿರುಗಿಸಿ ತಿರುಗಿಸಿ ಎಳೆದರು. ಬಲಗಾಲಿನದು ತೆಗೆಯುವಾಗ ನೋವಿಗೆ ಹಲ್ಲು ಕಚ್ಚಿದೆ. ಎಡಗಾಲಿನದು ಯಾವಾಗ ತೆಗೆಯುತ್ತೀರಿ ಎಂದು ಕೇಳಿದೆ. "ತೆಗೆದಾಯ್ತಲ್ಲಮ್ಮ" ಎಂದು ಅಂಗೈ ತೋರಿಸಿದರು. ಎರಡೂ ಅವರ ಕೈಯಲ್ಲಿದ್ದವು. ನನಗೆ ನಿಜವಾಗಿ ಭಯವಾಗಿದ್ದು ಆಗ.

ಡಾಕ್ಟರು ನಮ್ಮನೆಯವರಿಗೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ನರಗಳು ಕುದುರೆ ಬಾಲದ ಕೂದಲಿನ ಹಾಗೆ ಗೊಂಚಲಾಗಿ ಇಳಿಯುತ್ತವೆ. ಕಾಲಿಗೆ, ಮೂತ್ರಕ್ಕೆ, ಮಲಕ್ಕೆ ಹೋಗುವ ನರಗಳೆಲ್ಲ ಅದರಲ್ಲೇ. ನನ್ನ ಡಿಸ್ಕ್ ಒಡೆದು ಹೊರಗೆ ಬಂದು ಆ ಗೊಂಚಲನ್ನೇ ಅಮುಕಿತ್ತು. ಇದಕ್ಕೆ ಕಾಡಾ ಇಕ್ವೈನಾ ಸಿಂಡ್ರೋಮ್ ಎನ್ನುತ್ತಾರೆ. ಅಪರೂಪದ್ದು. ಆದರೆ ಬಂದರೆ ಆಪರೇಷನ್ ಮಾಡಿ ಒತ್ತಡ ತೆಗೆಯುವುದೇ ದಾರಿ. ಎಷ್ಟು ಬೇಗವೋ ಅಷ್ಟು ಒಳ್ಳೆಯದು, 48 ಗಂಟೆ ದಾಟಿದರೆ ನರ ಚೇತರಿಸಿಕೊಳ್ಳುವುದು ಕಷ್ಟವಾಗುತ್ತಾ ಹೋಗುತ್ತದೆ ಎಂದರು. ನನಗೆ ಆಪರೇಷನ್ ಶುರುವಾಗಿದ್ದು ಸೋಮವಾರ ಬೆಳಗಿನ ಜಾವ ಮೂರಕ್ಕೆ. ಶುಕ್ರವಾರ ರಾತ್ರಿಯಿಂದ ಲೆಕ್ಕ ಹಾಕಿದರೆ 52 ಗಂಟೆ.

ಈಗ ನಡೆಯುತ್ತೇನೆ, ಅಡುಗೆ ಮಾಡುತ್ತೇನೆ. ಎಡ ಪಾದ ಮೇಲೆತ್ತಲು ಪೂರ್ತಿ ಬಲ ಬಂದಿಲ್ಲ, ಚಪ್ಪಲಿ ಕಾಲಿನಿಂದ ಜಾರಿದರೆ ಹಿಂದೆ ಬರುವವರು ಕೂಗಿ ಹೇಳಬೇಕು. ಮೊದಲ ಮೂರು ತಿಂಗಳು ದಿನಕ್ಕೆ ನಾಲ್ಕೈದು ಸಲ ನಾನೇ ಸಣ್ಣ ಟ್ಯೂಬ್ ಹಾಕಿಕೊಂಡು ಮೂತ್ರ ತೆಗೆಯಬೇಕಿತ್ತು. ಈಗ ತಾನಾಗಿಯೇ ಬರುತ್ತದೆ, ಆದರೆ ಬಂದಿದೆ ಎಂಬ ಸೂಚನೆ ಸಿಗುವುದಿಲ್ಲ. ಗಡಿಯಾರ ನೋಡಿಕೊಂಡು ಮೂರು ಗಂಟೆಗೊಮ್ಮೆ ಹೋಗುತ್ತೇನೆ. ಬಿಪಿಎಲ್ ಕಾರ್ಡ್ ಇದ್ದಿದ್ದರಿಂದ, ಸರ್ಕಾರಿ ಆಸ್ಪತ್ರೆಯಾದ್ದರಿಂದ ಆಪರೇಷನ್ ಖರ್ಚು ಮೈಮೇಲೆ ಬೀಳಲಿಲ್ಲ. ಆಯುಷ್ಮಾನ್ ಕಾರ್ಡ್ ಇನ್ನೂ ಮಾಡಿಸದವರು ಮಾಡಿಸಿಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ.

ಇನ್ನು ಆ ಬೆಳೆ. ನಾನು ಆಂಬ್ಯುಲೆನ್ಸ್ ಹತ್ತಿದ ದಿನವೇ ಹುಳು ಹಣ್ಣಾಗಲು, ಅಂದರೆ ಗೂಡು ಕಟ್ಟುವ ಹದಕ್ಕೆ ಬರಲು, ಶುರುವಾಗಿತ್ತು. ನಾನಿಲ್ಲದಿದ್ದರೆ ಎಲ್ಲಾ ಹೋಯಿತು ಎಂದುಕೊಂಡಿದ್ದೆ. ಓಣಿಯ ನಾಲ್ಕು ಮನೆಯವರು ಬಂದು ಹಣ್ಣು ಹುಳು ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟಿಗೆ, ಬಿಟ್ಟರು. ಅವರೇ ಗೂಡು ಬಿಡಿಸಿ ಮಾರ್ಕೆಟ್‌ಗೆ ಹಾಕಿ ದುಡ್ಡು ತಂದು ಅತ್ತೆ ಕೈಗೆ ಕೊಟ್ಟರು. ಸೋಮವಾರವೇ ಬಾಯಿಬಿಟ್ಟು ಕೇಳಿದ್ದರೂ ಅವರು ಬರುತ್ತಿದ್ದರು.

ಇದನ್ನು ಓದಿ ಸೊಂಟ ಹಿಡಿದವರೆಲ್ಲ ಹೆದರಬೇಡಿ. ಹೆಚ್ಚಿನ ಸೊಂಟ ನೋವು, ಕಾಲಿಗೆ ಇಳಿದದ್ದೂ ಸೇರಿ, ಕೆಲವು ವಾರದಲ್ಲಿ ಆಪರೇಷನ್ ಇಲ್ಲದೆ ತಾನೇ ಕಮ್ಮಿಯಾಗುತ್ತದೆ ಎಂದು ನನ್ನ ಡಾಕ್ಟರೇ ಹೇಳಿದರು. ಭಾರ ಎತ್ತಬಾರದು, ಹಾಗೆಂದು ವಾರಗಟ್ಟಲೆ ಹಾಸಿಗೆಯಲ್ಲೂ ಇರಬಾರದು, ಆದಷ್ಟು ಓಡಾಡಿಕೊಂಡಿರಬೇಕು. ಆದರೆ ಮೂತ್ರ ಕಟ್ಟಿದರೆ, ಗೊತ್ತಿಲ್ಲದೆ ಸೋರಿದರೆ, ಮಲದ ಹಿಡಿತ ತಪ್ಪಿದರೆ, ಕೂರುವ ಜಾಗ ಜೋಮು ಹಿಡಿದರೆ, ಪಾದ ಎತ್ತಲು ಆಗದೆ ಹೋದರೆ, ಎರಡೂ ಕಾಲಿಗೆ ಒಟ್ಟಿಗೆ ನೋವು ಇಳಿದರೆ, ರಾತ್ರಿ ಎರಡು ಗಂಟೆಯಾಗಿರಲಿ, ಹಬ್ಬವಿರಲಿ, 108ಕ್ಕೆ ಫೋನ್ ಮಾಡಿ. ಹೋದ ಕಡೆ ಬರೀ ಸೊಂಟ ನೋವು ಎನ್ನಬೇಡಿ. "ಮೂತ್ರ ಬರ್ತಿಲ್ಲ, ಅಲ್ಲಿ ಸ್ಪರ್ಶ ಇಲ್ಲ" ಎಂದು ಮೊದಲ ಮಾತಿಗೇ ಹೇಳಿ. ಸೊಂಟ ನೋವಿನ ಜೊತೆ ಜ್ವರ ಬಂದರೂ, ಬಿದ್ದ ಮೇಲೆ ನೋವು ಬಂದರೂ ತಡ ಮಾಡದೆ ತೋರಿಸಿ.

ಹೋದ ವಾರ ಹಿಂದಿನ ಬೀದಿಯ ಒಬ್ಬರಿಗೆ ನೀರಿನ ಕೊಡ ಎತ್ತುವಾಗ ಸೊಂಟ ಹಿಡಿದುಕೊಂಡಿತು ಎಂದು ಗೊತ್ತಾಯಿತು. ಹೋದೆ. ಗಂಡಸರು ಆಚೆ ಹೋಗುವವರೆಗೆ ಕಾದು, ನೇರವಾಗಿ ಆ ಪ್ರಶ್ನೆ ಕೇಳಿದೆ. ಅವರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆಮೇಲೆ, "ಇಲ್ಲಕ್ಕ, ಚೆನ್ನಾಗೇ ಹೋಗ್ತಿದೆ, ಜೋಮೂ ಇಲ್ಲ" ಎಂದರು. ಉಪ್ಪಿನ ಶಾಖ ಕೊಟ್ಟುಕೊಳ್ಳಿ, ಕೊಡ ಮುಟ್ಟಬೇಡಿ, ನಾಳೆ ಮತ್ತೆ ಬಂದು ಕೇಳುತ್ತೇನೆ ಎಂದು ಹೇಳಿ ಬಂದೆ. ಮಾರನೇ ದಿನವೂ ಹೋದೆ.