ಕಾಸರಗೋಡಿನ ಮಳೆ, ತೋಟ, ಕಡಲು: ಪುಟ್ಟ 8×25 ಬೈನಾಕ್ಯುಲರ್ ವರ್ಷಗಟ್ಟಲೆ ಬಳಸಿದ ಮೇಲೆ

ನಮ್ಮ ಕುಂಬ್ಳೆ, ಬದಿಯಡ್ಕ, ಮಂಜೇಶ್ವರ ಕಡೆಯವರು ಯಾರಾದ್ರೂ ಸಣ್ಣ ಬೈನಾಕ್ಯುಲರ್ ತಗೊಳ್ಬೇಕು ಯಾವುದು ಒಳ್ಳೇದು ಅಂತ ಕೇಳಿದ್ರೆ ನಾನು ಮೊದಲು ಕೇಳೋದು ಅದು ವಾಟರ್‌ಪ್ರೂಫಾ, ಒಳಗೆ ನೈಟ್ರೋಜನ್ ತುಂಬಿಸಿದ್ದಾ ಅಂತ. ಎಷ್ಟು ಪಟ್ಟು ಹತ್ತಿರ ಕಾಣ್ತದೆ ಅನ್ನೋದೆಲ್ಲ ಆಮೇಲೆ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಹತ್ತಿರ ಮಳೆ ಬೀಳುವ ಊರು ನಮ್ಮದು, ಆಟಿ ತಿಂಗಳಲ್ಲಿ ಕಪಾಟಿನೊಳಗಿದ್ದ ಚರ್ಮದ ಚಪ್ಪಲಿಗೂ ಬೂಸರು ಬರ್ತದೆ, ಹಾಗಿರುವಾಗ ಸೀಲ್ ಇಲ್ಲದ ಬೈನಾಕ್ಯುಲರ್‌ನ ಗತಿ ಎಂತ ಆಗ್ಬಹುದು ಯೋಚನೆ ಮಾಡಿ.

ನನ್ನ ಹತ್ರ ಇರೋದು 8×25, ಅಂದ್ರೆ ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಲೆನ್ಸ್ 25 ಮಿ.ಮೀ. ಅಗಲ ಇರುವಂಥದ್ದು. ರೂಫ್ ಪ್ರಿಸಂ (ಕೊಳವೆ ಎರಡೂ ನೇರ ಇರುವ ಜಾತಿ), ಎರಡು ಕಡೆ ಮಡಚುವಂಥದ್ದು. ಹತ್ತು ಸಾವಿರದೊಳಗೆ ಸಿಕ್ಕಿದ್ದು. ಕಂಪನಿ ಹೆಸರು ಬರೆಯೋದಿಲ್ಲ, ಯಾಕಂದ್ರೆ ನಾನು ಹೇಳ್ಬೇಕಾದ್ದು ಈ ಸೈಜಿನ ಬಗ್ಗೆ, ಒಂದು ಕಂಪನಿ ಬಗ್ಗೆ ಅಲ್ಲ. ಮಡಚಿದ್ರೆ ಅಂಗಿ ಕಿಸೆಯಲ್ಲಿ ಹಿಡಿಸ್ತದೆ, ತೋಟಕ್ಕೆ ಹೋಗುವಾಗ, ಪೇಟೆಗೆ ಹೋಗುವಾಗ, ನೆಂಟರ ಮನೆಗೆ ಹೋಗುವಾಗ ಎಲ್ಲ ಜೊತೆಗೇ ಇರ್ತದೆ. ಮನೆಯಲ್ಲೇ ಒಂದು 8×42 ಕೂಡ ಉಂಟು, ಚಿತ್ರ ಅದರದ್ದೇ ಚಂದ, ಆದ್ರೆ ಮುಕ್ಕಾಲು ಕಿಲೋ ಹತ್ತಿರದ ಭಾರ ಕುತ್ತಿಗೆಗೆ ನೇತು ಹಾಕ್ಕೊಂಡು ಅಡಿಕೆ ಹೆಕ್ಲಿಕ್ಕೆ ಯಾರೂ ಹೋಗೋದಿಲ್ಲ.

ಎಂಟಾ ಹತ್ತಾ ಅನ್ನೋದು ಎಲ್ಲರೂ ಕೇಳುವ ಪ್ರಶ್ನೆ. ಸಣ್ಣ ಬೈನಾಕ್ಯುಲರ್‌ನಲ್ಲಿ ನನ್ನ ಮಟ್ಟಿಗೆ ಎಂಟೇ. ಲೆನ್ಸಿನ ಅಗಲವನ್ನು ಪಟ್ಟಿನಿಂದ ಭಾಗಿಸಿ ನೋಡಿ, 25 ಭಾಗಿಸು 8 ಅಂದ್ರೆ 3.1 ಮಿ.ಮೀ., ಇದು ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ. ಅದೇ 10×25 ಆದ್ರೆ ಎರಡೂವರೆ ಮಿ.ಮೀ. ಮಾತ್ರ. ಹಗಲು ಬಿಸಿಲಲ್ಲಿ ನಮ್ಮ ಕಣ್ಣಿನ ಪಾಪೆಯೇ ಎರಡು ಮೂರು ಮಿ.ಮೀ. ಇರೋದ್ರಿಂದ ಎರಡರಲ್ಲೂ ಅಂಥಾ ವ್ಯತ್ಯಾಸ ಕಾಣೋದಿಲ್ಲ, ಆದ್ರೆ ತೋಟದ ನೆರಳಿಗೆ ಹೊಕ್ಕ ಕೂಡ್ಲೇ ಪಾಪೆ ಅಗಲ ಆಗ್ತದೆ, ಅಲ್ಲಿ ಹತ್ತರದ್ದು ಕಪ್ಪಾಗಿ ಹೋಗ್ತದೆ. ಅದರ ಮೇಲೆ ಕೈ ನಡುಕವೂ ಹತ್ತು ಪಟ್ಟು ಆಗ್ತದೆ, ಹಗುರ ಬೈನಾಕ್ಯುಲರ್ ಆದ್ರೆ ಕೈ ಇನ್ನೂ ನಿಲ್ಲೋದಿಲ್ಲ, ಕಾಣುವ ಜಾಗವೂ ಕಿರಿದು. ಅಡಿಕೆ ಸೋಗೆ ಎಡೆಯಲ್ಲಿ ಹಾರುವ ಸೂರಕ್ಕಿಯನ್ನು ಕಿರಿದಾದ ಕಿಂಡಿಯಲ್ಲಿ ಹುಡುಕ್ತಾ ಕೂತ್ರೆ ಅದು ಪಕ್ಕದ ತೋಟಕ್ಕೆ ಹೋಗಿ ಆಗಿರ್ತದೆ.

ಕಡಲ ಬದಿಯಲ್ಲಿ ಇದು ಎಷ್ಟು ಕೆಲಸ ಮಾಡ್ತದೆ ಅಂತ ಹೇಳ್ಳೇಬೇಕು. ಬಿಳಿ ಹೊಟ್ಟೆಯ ಕಡಲ ಹದ್ದನ್ನು 2023ರಲ್ಲಿ ಕಾಸರಗೋಡು ಜಿಲ್ಲೆಯ ಅಧಿಕೃತ ಪಕ್ಷಿ ಅಂತ ಘೋಷಣೆ ಮಾಡಿದ್ರಲ್ಲ, ಅದನ್ನು ಶಿರಿಯ ಅಳಿವೆ ಬಾಗಿಲ ಮೇಲೆ ಸುತ್ತು ಹೊಡೆಯುವಾಗ ಬರೀ ಕಣ್ಣಲ್ಲಿ ನೋಡಿದ್ರೆ ದೊಡ್ಡ ಹಕ್ಕಿ ಅಂತ ಮಾತ್ರ ಗೊತ್ತಾಗ್ತದೆ. 8×25ರಲ್ಲಿ ಅದರ ರೆಕ್ಕೆ ಎರಡೂ ಮೇಲಕ್ಕೆ ಎತ್ತಿ ಹಿಡಿದ ಹಾಗೆ ಇರೋದು, ಬಾಲ ಗಿಡ್ಡಕ್ಕೆ ಆಪಿನ ಆಕಾರದಲ್ಲಿರೋದು, ಅಡಿಯಿಂದ ನೋಡಿದ್ರೆ ಮೈ ಬೆಳ್ಳಗೆ ಮತ್ತು ರೆಕ್ಕೆಯ ಹಿಂದಿನ ಅರ್ಧ ಕಪ್ಪು, ಎಲ್ಲ ಸ್ಪಷ್ಟ ಕಾಣ್ತದೆ. ಪಕ್ಕದಲ್ಲೇ ಗರುಡ ಹಾರ್ತಾ ಇದ್ರೆ ಅದರ ಇಟ್ಟಿಗೆ ಬಣ್ಣದ ಬೆನ್ನು, ಉರುಟು ಬಾಲ ನೋಡಿ ಎರಡನ್ನೂ ಒಟ್ಟಿಗೆ ಹೋಲಿಸಬಹುದು, ಮಕ್ಕಳಿಗೆ ತೋರಿಸ್ಲಿಕ್ಕೆ ಅದಕ್ಕಿಂತ ಒಳ್ಳೆ ಪಾಠ ಇಲ್ಲ. ಬೇಕಲ ಕೋಟೆ ಮೇಲಿಂದ ದೋಣಿ ನೋಡ್ಲಿಕ್ಕೂ, ರಾಣಿಪುರದ ಹುಲ್ಲುಗುಡ್ಡ ಹತ್ತುವಾಗಲೂ ಇಷ್ಟು ಹಗುರದ್ದೇ ಚಂದ. ಬೇಕಲದಲ್ಲಿ ಕೆಲವರು ಸೂರ್ಯ ಮುಳುಗೋದನ್ನೇ ಬೈನಾಕ್ಯುಲರ್ ಹಿಡಿದು ನೋಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಮಕ್ಕಳ ಕೈಗೆ ಕೊಡುವಾಗ ಇನ್ನೂ ಜಾಗ್ರತೆ, ಕಣ್ಣು ಹೋದ್ರೆ ವಾಪಸ್ ಬರೋದಿಲ್ಲ.

ಸೋಲೋದು ಎಲ್ಲಿ ಅಂದ್ರೆ ಕತ್ತಲಾಗುವ ಹೊತ್ತಿಗೆ. ಚಳಿಗಾಲಕ್ಕೆ ಬಡಗಣದಿಂದ ನವರಂಗ ಹಕ್ಕಿ ನಮ್ಮ ತೋಟ, ನಾಗಬನಗಳಿಗೆ ಬರ್ತದೆ, ಅದು ಕೂಗೋದೇ ಬೆಳ್ಳಂಬೆಳಗ್ಗೆ ಮತ್ತೆ ಹೊತ್ತು ಮುಳುಗುವಾಗ. ಹಲಸಿನ ಮರದ ಅಡಿಯಲ್ಲಿ ತರಗೆಲೆ ಕೆದಕ್ತಾ ಇರೋದು ಕೇಳ್ತದೆ, ಬೈನಾಕ್ಯುಲರ್ ಎತ್ತಿದ್ರೆ ಕಪ್ಪು ಗುಂಡಗಿನ ಆಕಾರ, ಕಣ್ಣಿನ ಮೇಲಿನ ಬಿಳಿ ಗೆರೆ ಸ್ವಲ್ಪ, ಹೊಟ್ಟೆಯ ಅಡಿಯ ಆ ಕೆಂಪು ಮಾತ್ರ ಇಲ್ಲವೇ ಇಲ್ಲ. ಅದೇ ಜಾಗದಲ್ಲಿ ಅದೇ ಹೊತ್ತಿಗೆ 8×42 ಎತ್ತಿದ್ರೆ ಕೆಂಪು ಕಾಣ್ತದೆ. ಯಾವ ಕಂಪನಿಯ 25 ಮಿ.ಮೀ. ಲೆನ್ಸ್ ಆದ್ರೂ ಅದಕ್ಕೊಂದು ಮಿತಿ ಉಂಟು. ಗೆಳೆಯರೊಬ್ಬರ ಝೈಸ್ ಟೆರಾ ಇಡಿ 8×25 ನಾನು ತುಂಬ ಸಲ ಹಿಡಿದು ನೋಡಿದ್ದೇನೆ, 310 ಗ್ರಾಂ, ಎರಡು ಮೀಟರಿಗಿಂತ ಸ್ವಲ್ಪ ಹತ್ತಿರದ ಚಿಟ್ಟೆಗೂ ಫೋಕಸ್ ಆಗ್ತದೆ, ಅಂಚಿನವರೆಗೂ ಚಿತ್ರ ಚೊಕ್ಕ, ನನ್ನದಕ್ಕಿಂತ ಬಹಳ ಮೇಲೆ, ಆದ್ರೂ ಮುಸ್ಸಂಜೆ ನವರಂಗಕ್ಕೆ ಅದೂ ಸಾಕಾಗೋದಿಲ್ಲ. ನಿಮಗೆ ಕಾಡಿನೊಳಗೇ ಜಾಸ್ತಿ ಓಡಾಟ ಅಂತಾದ್ರೆ ಕಿಸೆ ಆಸೆ ಬಿಟ್ಟು 8×32ಕ್ಕೆ ಹೋಗಿ, ನಾಲ್ಕು ಮಿ.ಮೀ. ಬೆಳಕು ಸಿಕ್ತದೆ, ಭಾರವೂ ಹೊರುವ ಹಾಗೇ ಇರ್ತದೆ.

ಕನ್ನಡಕ ಹಾಕುವವರು ಐ ರಿಲೀಫ್ (ಪೂರ್ತಿ ಚಿತ್ರ ಕಾಣ್ಲಿಕ್ಕೆ ಕಣ್ಣು ಐಪೀಸಿನಿಂದ ಎಷ್ಟು ದೂರ ಇರಬಹುದು ಅನ್ನೋ ಅಳತೆ) ಅಂತ ಬರೆದದ್ದನ್ನು ನೋಡದೆ ತಗೊಳ್ಬೇಡಿ, 15 ಮಿ.ಮೀ.ಗಿಂತ ಕಡಿಮೆ ಇದ್ರೆ ಚಿತ್ರದ ಸುತ್ತ ಕಪ್ಪು ಬರ್ತದೆ.

ಆನ್‌ಲೈನಲ್ಲಿ ಸಾವಿರ ರೂಪಾಯಿಗೆ 30×60, ಡೇ ಆಂಡ್ ನೈಟ್ ಅಂತ ಬರೆದು ಕೆಂಪು ಗಾಜಿನದ್ದು ಮಾರ್ತಾರಲ್ಲ, ಅದಕ್ಕೆ ದುಡ್ಡು ಹಾಕ್ಬೇಡಿ. ಅಂಗೈಯಲ್ಲಿ ಹಿಡಿಸುವ ಬೈನಾಕ್ಯುಲರಿಗೆ 60 ಮಿ.ಮೀ. ಲೆನ್ಸ್ ಎಲ್ಲಿಂದ ಬರ್ತದೆ, ಸ್ಕೇಲ್ ಇಟ್ಟು ಅಳೆದ್ರೆ ಸುಳ್ಳು ಅಲ್ಲೇ ಗೊತ್ತಾಗ್ತದೆ. ಆ ಕೆಂಪು ಕೋಟಿಂಗ್ ಬೆಳಕಿನ ಕೆಂಪು ಭಾಗವನ್ನು ವಾಪಸ್ ಹೊರಗೆ ಕಳಿಸ್ತದೆ, ಚಿತ್ರಕ್ಕೆ ಹಸಿರು ನೀಲಿ ಛಾಯೆ ಬರ್ತದೆ. ಬಜೆಟ್ ಕಡಿಮೆ ಅಂತಾದ್ರೆ ಒಳ್ಳೆ ಕಂಪನಿಯ ರಿವರ್ಸ್ ಪೊರೋ (ಮುಂದಿನ ಲೆನ್ಸುಗಳು ಐಪೀಸಿಗಿಂತ ಹತ್ತಿರ ಹತ್ತಿರ ಇರುವ ಜಾತಿ) ನೋಡಿ, ರೂಫ್ ಪ್ರಿಸಮ್ಮಿಗೆ ಬೇಕಾದ ಫೇಸ್ ಕೋಟಿಂಗ್, ಮಿರರ್ ಕೋಟಿಂಗ್ ಖರ್ಚು ಅದಕ್ಕಿಲ್ಲ, ಅದೇ ದುಡ್ಡಿಗೆ ಚಿತ್ರ ಹೆಚ್ಚು ಚೊಕ್ಕ ಸಿಕ್ತದೆ, ಸ್ವಲ್ಪ ದಪ್ಪ ಇರ್ತದೆ ಅಷ್ಟೆ. ಆದ್ರೆ ಅದರಲ್ಲಿ ವಾಟರ್‌ಪ್ರೂಫ್ ಇರೋದು ಕಡಿಮೆ, ನಮ್ಮ ಊರಿಗೆ ಅದೇ ಚಿಂತೆ.

ಬೂಸರಿನ ವಿಷಯ ಸ್ವಲ್ಪ ಉದ್ದ ಬರೀತೇನೆ. ಬೂಸರು ಲೆನ್ಸಿನ ಮೇಲೆ ಜೇಡನ ಬಲೆಯ ಎಳೆ ಹಾಗೆ ಹಬ್ತದೆ, ಟಾರ್ಚ್ ಲೈಟನ್ನು ಓರೆಯಾಗಿ ಬಿಟ್ಟು ನೋಡಿದ್ರೆ ಗೊತ್ತಾಗ್ತದೆ, ಬಿಟ್ರೆ ಕೋಟಿಂಗನ್ನೇ ತಿಂದು ಹಾಕ್ತದೆ. ಸೀಲ್ ಆದದ್ದರೊಳಗೆ ಒಣ ನೈಟ್ರೋಜನ್ ಇರೋದ್ರಿಂದ ಎಸಿ ಕಾರಿನಿಂದ ಹೊರಗಿಳಿದಾಗಲೂ ಒಳಗೆ ಮಂಜು ಕಟ್ಟೋದಿಲ್ಲ, ಹೊರಗಿನ ಗಾಜಿಗೆ ಕಟ್ಟಿದ್ದು ನಿಮಿಷದಲ್ಲಿ ಹೋಗ್ತದೆ. ಆದ್ರೂ ಹೊರಮೈಗೆ ಬೂಸರು ಬಾರದ ಹಾಗೆ ಮಳೆಗಾಲದಲ್ಲಿ ನಾನು ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡ್ತೇನೆ, ಜೊತೆಗೆ ಬಂದ ಬಟ್ಟೆ ಚೀಲದಲ್ಲಿ ಇಡೋದೇ ಇಲ್ಲ, ಅದು ತೇವ ಹಿಡ್ಕೊಳ್ತದೆ. ಬಣ್ಣ ಬದಲಾಗುವ ಜೆಲ್ ತಗೊಳ್ಳಿ, ಬಣ್ಣ ತಿರುಗಿದ ಮೇಲೆ ಬಿಸಿ ಮಾಡಿ ಒಣಗಿಸಿದ್ರೆ ಮತ್ತೆ ಕೆಲಸಕ್ಕೆ ಬರ್ತದೆ. ಕಣ್ವತೀರ್ಥದ ಕಡಲ ಕರೆಗೆ ಹೋಗಿ ಬಂದ ದಿನ ಉಪ್ಪಿನ ಹನಿ ಒಣಗಿ ಗಾಜಿಗೆ ಅಂಟಿರ್ತದೆ, ಅದನ್ನು ಲುಂಗಿ ತುದಿಯಲ್ಲಿ ಉಜ್ಜಿದ್ರೆ ಹೊಯಿಗೆ ಕಣ ಸೇರಿ ಗೀರು ಬೀಳೋದು ಗ್ಯಾರಂಟಿ, ಮೊದಲು ಊದಿ, ಆಮೇಲೆ ಸಿಹಿನೀರಲ್ಲಿ ತೊಳೆದು, ಮೈಕ್ರೋಫೈಬರ್ ಬಟ್ಟೆಯಲ್ಲಿ ಮೆತ್ತಗೆ ಒತ್ತಿ. ತೊಳೆಯೋದು ವಾಟರ್‌ಪ್ರೂಫ್ ಆದದ್ದನ್ನು ಮಾತ್ರ.

ಇಷ್ಟು ವರ್ಷದಲ್ಲಿ ಗಾಜಿಗೆ ಎಂತದೂ ಆಗ್ಲಿಲ್ಲ, ಒಳಗೆ ಒಂದು ಚುಕ್ಕೆ ಬೂಸರು ಇಲ್ಲ. ಹಾಳಾದದ್ದು ಎರಡು. ಮಡಚುವ ಎರಡು ಹಿಂಜ್‌ನಲ್ಲಿ ಒಂದು ಸಡಿಲ ಆಗಿದೆ, ಕಣ್ಣಿನ ಅಂತರಕ್ಕೆ ಸರಿ ಮಾಡಿ ಇಟ್ಟದ್ದು ಕಿಸೆಯಿಂದ ತೆಗೆಯುವಾಗ ಬದಲಾಗಿರ್ತದೆ, ಹಕ್ಕಿ ಎದುರಿಗಿರುವಾಗ ಮತ್ತೆ ಹೊಂದಿಸ್ಲಿಕ್ಕೆ ಪುರುಸೊತ್ತು ಎಲ್ಲಿ. ಎರಡನೇದು ಐಕಪ್ ರಬ್ಬರ್, ಬೆವರು ಕುಡಿದು ಅಂಟಂಟಾಗಿ ಬಿರಿದಿದೆ. ಸರ್ವಿಸ್‌ಗೆ ಬರೆದ್ರೆ ಆ ಪಾರ್ಟ್ ಇಲ್ಲಿ ಇಲ್ಲ, ಹೊಸ ಮಾಡೆಲ್ ತಗೊಳ್ಳಿ ಅಂತ ಉತ್ತರ. ಒಂದು ಸಣ್ಣ ರಬ್ಬರ್ ಬಳೆಗೋಸ್ಕರ ಚಿನ್ನದಂಥ ಗಾಜು ಬಿಸಾಡ್ಬೇಕಾ ಅಂತ ನಿಜವಾಗಿ ಸಿಟ್ಟು ಬಂತು. ಹಾಗಾಗಿ ತಗೊಳ್ಳುವ ಮೊದಲೇ ಐಕಪ್, ಲೆನ್ಸ್ ಕ್ಯಾಪ್ ಬಿಡಿಯಾಗಿ ಸಿಕ್ತದಾ ಅಂತ ಬರಹದಲ್ಲಿ ಕೇಳಿ ಇಟ್ಕೊಳ್ಳಿ, ಮತ್ತೆ ಆಗೋದಾದ್ರೆ ಮಂಗಳೂರಿಗೆ ಹೋಗಿ ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ನೋಡಿ, ಹಿಂಜ್ ಎರಡೂ ಬಿಗಿ ಇರ್ಬೇಕು, ತೋಳುದ್ದ ದೂರ ಹಿಡಿದಾಗ ಐಪೀಸಿನಲ್ಲಿ ಕಾಣುವ ಬೆಳಕಿನ ಬೊಟ್ಟು ಎರಡೂ ಉರುಟು ಇರ್ಬೇಕು, ಅಂಚು ಕತ್ತರಿಸಿದ ಹಾಗೆ ಕಂಡ್ರೆ ಬೇರೆ ಪೀಸ್ ತೆಗೆಸಿ ನೋಡಿ.